ಚಿಗವ್ವನ ಲಗ್ನದ ಕ್ಯಾಸೆಟ್ಟು

ಹೋದ ವಾರ ಕಿತ್ತೂರಿನಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೊಣಕೈಯ ಒಳಗೆ ಒರೆಸಿದಳು. ಆ ತಣ್ಣನೆಯ ಘಾಟು ಮೂಗಿಗೆ ಹತ್ತಿತು, ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಬೈಲಹೊಂಗಲದ ಒಂದು ಮಳೆಗಾಲ, ಪೇಟೆಯ ಒಳಗಲ್ಲಿಯ ಒಂದು ಸಣ್ಣ ಸ್ಟುಡಿಯೊ, ಮುಚ್ಚಳ ಬಿಚ್ಚಿಟ್ಟ ವಿಸಿಆರ್, ಅದರ ಮೇಲೆ ಬಾಗಿದ ಕಾಂಬಳೆಯವರ ಬೋಳು ನೆತ್ತಿ, ಎಲ್ಲ ಒಟ್ಟಿಗೆ ಬಂದವು.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ನನ್ನ ನೆನಪಿನಲ್ಲಿ ಆ ಎರಡು ತಿಂಗಳು ಬಿಡದೆ ಮಳೆ ಸುರಿದಿದೆ. ಡೈರಿಯಲ್ಲಿ ಹಾಗಿಲ್ಲ. ಹೆಚ್ಚಿನ ಪುಟಗಳಲ್ಲಿ ‘ಮೋಡ, ತಂಪು ಗಾಳಿ, ಮಳೆ ಇಲ್ಲ’ ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ. ಹಾಗಾಗಿ ಇದನ್ನು ಬರೆಯುವಾಗ ಡೈರಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ನೆನಪಿನ ಮೇಲೆ ನನಗೆ ಮೊದಲಿಂದಲೂ ಅಷ್ಟು ವಿಶ್ವಾಸವಿಲ್ಲ. ಆ ಮಳೆಗಾಲದ ನಂತರ ಅದು ಇನ್ನೂ ಕಡಿಮೆಯಾಯಿತು.

ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ನನ್ನನ್ನು ಬೆಳೆಸಿದ ಚಿಗವ್ವ ಸವದತ್ತಿಯಲ್ಲಿದ್ದಳು. ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಕಟಕೋಳದಲ್ಲಿ ಅವಳ ಮದುವೆಯಾದಾಗ ನನಗೆ ನಾಲ್ಕು ವರ್ಷ. ಆ ಮದುವೆಯಾದ ಮೂರು ತಿಂಗಳಿಗೆ ಅವ್ವ ಕಾಮಾಲೆಯಿಂದ ತೀರಿಕೊಂಡಳು. ಅಪ್ಪ ರಾಮದುರ್ಗದಲ್ಲಿ ಮಗ್ಗದ ಕೆಲಸದಲ್ಲಿದ್ದ. ಒಬ್ಬನೇ ಗಂಡಸು ಹೆಣ್ಣುಮಗುವನ್ನು ಹೇಗೆ ನೋಡಿಕೊಂಡಾನು ಎಂದು ಹೊಸ ಮದುಮಗಳು ನನ್ನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಹೋದಳು. ಅವಳ ಗಂಡ, ನನಗೆ ಕಾಕಾ, ಸವದತ್ತಿಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಯಂತ್ರಗಳು. ಮಧ್ಯಾಹ್ನ ಆಯಿತೆಂದರೆ ಒಂದು ಸಿನಿಮಾ ಕ್ಯಾಸೆಟ್ ಹಾಕಿ ಇಡೀ ಓಣಿಗೆ ತೋರಿಸುತ್ತಿದ್ದರು. ಈಗ ಅಪ್ಪನೂ ಇಲ್ಲ, ಕಾಕಾನೂ ಇಲ್ಲ.

ಅವ್ವನ ಫೋಟೊ ಅಂತ ಇರುವುದು ಒಂದೇ. ಕಪ್ಪು ಬಿಳುಪಿನದು, ಅಪ್ಪನ ಪಕ್ಕ ಕಣ್ಣು ಕೆಳಗೆ ಹಾಕಿ ನಿಂತದ್ದು. ಆದರೆ ಅದಕ್ಕೆ ಸಂಬಂಧವಿಲ್ಲದ, ನನ್ನದೇ ಆದ ಒಂದು ನೆನಪು ನನಗಿತ್ತು. ಅವ್ವ ಹಸಿರು ಸೀರೆ ಉಟ್ಟಿದ್ದಾಳೆ. ಕೈಯಲ್ಲಿ ಬಡಿಸುವ ಬಕೆಟ್ಟು. ತುಸು ಬಾಗಿ ನೇರವಾಗಿ ನನ್ನನ್ನು ನೋಡುತ್ತಿದ್ದಾಳೆ. ಬಾಯಿ ಅರ್ಧ ತೆರೆದಿದೆ, ಏನೋ ಹೇಳುವವಳಿದ್ದಾಳೆ. ಅಷ್ಟೇ. ಒಂದೇ ಸಾಕ್ಷಿಯನ್ನು ನಂಬಿ ಇತಿಹಾಸ ಬರೆಯಬೇಡಿ ಎಂದು ಮಕ್ಕಳಿಗೆ ಪಾಠ ಹೇಳುವ ನಾನು, ಈ ಒಂದು ಸಾಕ್ಷಿಯನ್ನು ಮೂವತ್ತು ವರ್ಷ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದೆ. ಇದು ನಿಜವಾಗಿ ನಾನು ಕಂಡದ್ದೋ, ಬೇಕು ಬೇಕೆಂದು ನಾನೇ ಕಟ್ಟಿಕೊಂಡದ್ದೋ?

ತಿಳಿಯಲು ಇದ್ದ ದಾರಿ ಒಂದೇ. ಚಿಗವ್ವನ ಮನೆಯ ದೇವರ ಜಗಲಿಯ ಮೇಲೆ, ಬೆಳ್ಳಿಯ ಮುಖವಾಡಗಳ ಪಕ್ಕದಲ್ಲಿ, ಒಂದು ವಿಎಚ್‌ಎಸ್ ಕ್ಯಾಸೆಟ್ ಇತ್ತು. ನಮ್ಮ ಮನೆಯಲ್ಲಿ ಅದಕ್ಕೆ ‘ಅಕ್ಕನ ಕ್ಯಾಸೆಟ್’ ಎಂದು ಹೆಸರು. ಅದರಲ್ಲಿ ಅವ್ವ ಇದ್ದಾಳೆ ಎಂದು ಗೊತ್ತಿತ್ತು, ಆದರೆ ಅದನ್ನು ಯಾರೂ ಹಚ್ಚಿ ನೋಡುತ್ತಿರಲಿಲ್ಲ. ಪ್ರತಿ ಶುಕ್ರವಾರ ಚಿಗವ್ವ ಅದಕ್ಕೆ ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದಳು. ಕಾಕಾ ಹೋದ ಮೇಲೆ ತಾನು ಹಚ್ಚುವುದನ್ನು ಬಿಟ್ಟಳು. ನಾನು ರಜೆಗೆ ಹೋದಾಗಲೆಲ್ಲ ನನ್ನ ಕೈಯಿಂದ ಹಚ್ಚಿಸುತ್ತಿದ್ದಳು. ಕುಂಕುಮದ ಮೇಲೆ ಕುಂಕುಮ ಕೂತು ಕಪ್ಪು ಪ್ಲಾಸ್ಟಿಕ್ಕಿಗೆ ಒಂದು ದಪ್ಪ ತೊಗಲು ಬೆಳೆದಂತಾಗಿತ್ತು.

ಕಾಂಬಳೆಯವರ ಪರಿಚಯವಾದದ್ದು ವಿದ್ಯಾರ್ಥಿಗಳ ಹಾಲ್‌ಟಿಕೆಟ್ ಫೋಟೊದ ನೆಪದಲ್ಲಿ. ಅರವತ್ತು ದಾಟಿದವರು, ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ಮದುವೆಗಳನ್ನೆಲ್ಲ ತೆಗೆದವರು. ಈಗ ಪಾಸ್‌ಪೋರ್ಟ್ ಫೋಟೊ ಮತ್ತು ಹುಟ್ಟುಹಬ್ಬದ ಫ್ಲೆಕ್ಸ್. ಬಾಗಿಲಲ್ಲಿ ಒಂದು ಸಣ್ಣ ಹಲಗೆ: ‘ಹಳೇ ಕ್ಯಾಸೆಟ್ ಪೆನ್‌ಡ್ರೈವಿಗೆ ಹಾಕಿ ಕೊಡಲಾಗುವುದು.’ ಒಳಗೆ ಗೋಡೆಗೆ ಬುದ್ಧನ ಕ್ಯಾಲೆಂಡರು. ಅದರ ಕೆಳಗೆ, ಆ ಭಾಗದಲ್ಲಿ ಇನ್ನೂ ಜೀವ ಹಿಡಿದಿರುವ ಒಂದೇ ವಿಸಿಆರ್ ಎಂದು ಅವರು ಹೇಳಿಕೊಳ್ಳುತ್ತಿದ್ದ ಯಂತ್ರ.

ಚಿಗವ್ವನನ್ನು ಒಪ್ಪಿಸಲು ನನಗೆ ಜ್ಯೇಷ್ಠ ಪೂರ್ತಿ ಬೇಕಾಯಿತು. ಕೊನೆಗೆ ಒಂದು ಭಾನುವಾರ ಕ್ಯಾಸೆಟ್ಟನ್ನು ಹೊಸ ಟವೆಲಿನಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ತಾನೇ ತಂದಳು. ಅಂಗಡಿಯ ಮುಂದೆ ಚಪ್ಪಲಿ ಬಿಡುವಾಗ ಎರೆಮಣ್ಣು ಮೆತ್ತಿ ಅವು ಎರಡೆರಡು ಸೇರು ತೂಗುತ್ತಿದ್ದವು. ಕಾಂಬಳೆಯವರು ಟವೆಲ್ ಬಿಚ್ಚಿ ನೋಡಿದರು.

“ಅವ್ವಾರ, ಇದು ಕ್ಯಾಸೆಟ್ ಅಲ್ರಿ, ದೇವರು. ಹಿಂಗ ಒಳಗ ಹಾಕಿದ್ರ ನನ್ನ ಮಶೀನ್ ಹಣಿಗೂ ಕುಂಕುಮ ಹತ್ತತೈತಿ.”

ಚಿಗವ್ವ ನಗಲಿಲ್ಲ. “ಕುಂಕುಮ ಒರಸಬ್ಯಾಡ್ರಿ ಅಣ್ಣಾರ,” ಅಂದಳು. “ನಮ್ಮಕ್ಕ ಮುತ್ತೈದಿಯಾಗಿ ಹೋದಾಕಿ.”

ತಾನು ಕುಂಕುಮವಿಲ್ಲದ ಹಣೆಯಲ್ಲಿ ನಿಂತು ಅವಳು ಆ ಮಾತು ಹೇಳಿದಳು. ನಾನು ಏನೋ ಸಮಜಾಯಿಷಿ ಹೇಳಹೋದೆ. ಕಾಂಬಳೆಯವರು ಕೈ ಎತ್ತಿ ನನ್ನನ್ನು ತಡೆದರು. ನಂತರ ಚಿಗವ್ವನಿಗೆ ತಿಳಿಸಿ ಹೇಳಿದರು: ಗೂಡು ಬೇರೆ, ರೀಲು ಬೇರೆ. ನಾಲ್ಕು ಸ್ಕ್ರೂ ಬಿಚ್ಚಿ ರೀಲನ್ನಷ್ಟೇ ತೆಗೆದು ಸ್ವಚ್ಛವಾದ ಬೇರೆ ಗೂಡಿಗೆ ಹಾಕುತ್ತಾರೆ. ಈ ಗೂಡು ಒಂದು ಕಣವೂ ಉದುರದಂತೆ ಅವಳ ಕೈಗೆ ವಾಪಸು. ಹಾಗಾದರೆ ರೀಲಿಗೆ ಹತ್ತಿದ ಕುಂಕುಮ ಎಂದು ಚಿಗವ್ವ ಕೇಳಿದಳು. ಅದನ್ನು ಬಟ್ಟೆಯಿಂದ ತೆಗೆಯಲೇಬೇಕು, ಆದರೆ ಆ ಬಟ್ಟೆಯನ್ನೂ ನಿಮಗೇ ಕೊಡುತ್ತೇನೆ, ಹೊಳೆಗೆ ಬಿಡಿ ಎಂದರು.

“ಬೌದ್ಧರಾದ ಮ್ಯಾಲ ನಮ್ಮನ್ಯಾಗ ಕುಂಕುಮ ಇಲ್ರಿ,” ಎಂದು ತಾವಾಗಿ ಹೇಳಿದರು. “ಆದ್ರ ನಮ್ಮವ್ವ ಇರೋತನಕ ಹಚ್ಚತಿದ್ಲು. ಅಕಿ ಹಣಿ ನನಗ ನೆನಪೈತಿ.”

ಚಿಗವ್ವ ಕ್ಯಾಸೆಟ್ಟನ್ನು ಟವೆಲಿನ ಸಮೇತ ಅಲ್ಲೇ ಬಿಟ್ಟು ಹೊರಟಳು.

ಆ ಮೇಲಿನ ಭಾನುವಾರಗಳನ್ನು ನಾನು ಆ ಅಂಗಡಿಯಲ್ಲಿ ಕಳೆದೆ. ಇಷ್ಟೊಂದು ಎಚ್ಚರದ ಕೆಲಸ ಅದು ಎಂದು ನನಗೆ ಗೊತ್ತಿರಲಿಲ್ಲ. ತಂಪು ಹೊತ್ತಿನಲ್ಲಿ ವಿಸಿಆರ್ ಒಳಗೆ ತಿರುಗುವ ಲೋಹದ ಡ್ರಮ್ ಬೆವರುತ್ತದೆ, ಬೆವರಿದ ಡ್ರಮ್ಮಿಗೆ ರೀಲು ಅಂಟಿಕೊಂಡರೆ ಹರಿದೇ ಹೋಗುತ್ತದೆ. ಆದ್ದರಿಂದ ಕೆಲಸಕ್ಕೆ ಒಂದು ತಾಸು ಮೊದಲೇ ಯಂತ್ರ ಹಚ್ಚಿ ಬೆಚ್ಚಗೆ ಮಾಡಬೇಕು. ಕಾಗದದ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಡ್ರಮ್ಮಿಗೆ ಒತ್ತಿ ಹಿಡಿದು, ಕೈ ಅಲುಗಿಸದೆ ಡ್ರಮ್ಮನ್ನೇ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಡ್ರಮ್ಮಿನ ಅಂಚಿನಲ್ಲಿದ್ದು ರೀಲಿನಿಂದ ಚಿತ್ರ ಓದುವ, ಕೂದಲಿಗಿಂತ ಸಣ್ಣ ಹೆಡ್ಡು ಮುರಿಯುತ್ತದೆ. ರೀಲನ್ನು ಮೊದಲು ನಿಧಾನವಾಗಿ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ, ಬಿಗಿ ಸರಿಮಾಡಬೇಕು. ಕಾಂಬಳೆಯವರು ಹಾಗೆ ಸುತ್ತುವಾಗ ಮೆತ್ತನೆಯ ಬಿಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ರೀಲಿಗೆ ತಾಗಿಸಿದ್ದರು. ಬಟ್ಟೆ ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಮೂರು ಬಟ್ಟೆ ಬದಲಿಸಿದರು. ಮೂರನ್ನೂ ಮಡಚಿ ಒಂದು ಡಬ್ಬಿಯಲ್ಲಿಟ್ಟರು.

ಮೊದಲ ಸಲ ಚಿತ್ರ ಮೂಡಿದಾಗ ಅದು ನೀರೊಳಗಿನ ಮದುವೆಯಂತಿತ್ತು. ಹಂದರದ ಗಳಗಳು ಬಳುಕುತ್ತಿದ್ದವು. ಕೂತ ಜನರ ತಲೆಗಳು ಮೇಲಿನಿಂದ ಒಂದು ಬದಿಗೆ ಜಾರಿಹೋಗುತ್ತಿದ್ದವು. ಕಾಂಬಳೆಯವರು ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಕೆಳಗಿನ ಬಿಳಿ ಗೆರೆಗಳು ಹೋದವು, ಬಳುಕು ಹೋಗಲಿಲ್ಲ. ಆಗ ಕಪಾಟಿನಿಂದ ಒಂದು ಹಳೆಯ ಡಿವಿಡಿ ರೆಕಾರ್ಡರ್ ತೆಗೆದರು. ವಿಸಿಆರ್‌ನಿಂದ ಬಂದ ಚಿತ್ರ ನೇರ ಕಂಪ್ಯೂಟರಿಗೆ ಹೋಗುವ ಬದಲು ಅದರೊಳಗಿಂದ ಹಾದು ಹೋಗುವಂತೆ ವೈರು ಹಚ್ಚಿದರು.

“ಪ್ರಾರ್ಥನಾಕ್ಕ ನಿಂತ ಹುಡುಗರು ಸಾಲು ಸೊಟ್ಟ ಮಾಡತಾರಲ್ರಿ ಅಕ್ಕೋರ, ಹಂಗ ಈ ಚಿತ್ರದ ಗೆರಿ ಒಂದು ಮುಂದ, ಒಂದು ಹಿಂದ ನಿಂತಾವು. ಈ ಡಬ್ಬಿ ಪಿ.ಟಿ. ಮಾಸ್ತರ ಇದ್ದಂಗ. ಒಂದ ಕ್ಷಣ ತಡದು, ಸಾಲು ಸರಿ ಮಾಡಿ, ಆಮ್ಯಾಗ ಕ್ಲಾಸಿಗೆ ಬಿಡತೈತಿ.”

ಗಳಗಳು ನೆಟ್ಟಗಾದವು. ಕಟಕೋಳದ ಅಜ್ಜನ ಮನೆ, ಅಂಗಳದ ಬೇವಿನ ಗಿಡ, ಬಾಸಿಂಗ ಕಟ್ಟಿಕೊಂಡ ಇಪ್ಪತ್ತಾರರ ಕಾಕಾ, ಮೀಸೆ ತಿದ್ದಿಕೊಳ್ಳುತ್ತ, ಕ್ಯಾಮೆರಾ ತನ್ನ ಕಡೆ ಬಂತೆಂದು ತಿಳಿದೊಡನೆ ಕೈ ಇಳಿಸಿದ್ದು. ನಾನು ನಕ್ಕೆ. ಹದಿನಾರು ನಿಮಿಷ ಹೀಗೇ ಹೋಯಿತು. ಊಟದ ಪಂಕ್ತಿ ಬಂತು. ಹದಿನೇಳನೆಯ ನಿಮಿಷಕ್ಕೆ ಪಂಕ್ತಿಯ ತುದಿಯಲ್ಲಿ ಒಂದು ಹಸಿರು ಸೀರೆ ಕಾಣಿಸಿತು, ಹತ್ತಿರ ಬಂತು, ಮುಖ ಮೇಲೆತ್ತಿತು, ಅಷ್ಟರಲ್ಲಿ ಚಿತ್ರ ಸೀಳಿ ಬಿಳಿಯ ಹರಕುಗಳಾಗಿ ಉರುಳತೊಡಗಿತು. ಕಾಂಬಳೆಯವರು ಆ ಕ್ಷಣವೇ ಯಂತ್ರ ನಿಲ್ಲಿಸಿ ರೀಲು ಹೊರತೆಗೆದರು. ಆ ಜಾಗದಲ್ಲಿ ಚಿತ್ರ ಹಿಡಿದಿಟ್ಟ ರೀಲಿನ ಮಸಿಯಂಥ ಲೇಪ ಉದುರುತ್ತಿದೆ, ಅದು ಹೆಡ್ಡಿಗೆ ಮೆತ್ತಿಕೊಂಡರೆ ಮುಂದಿನದೂ ಹಾಳು ಎಂದರು. ಇನ್ನೊಂದು ಸಲ ಹಾಯಿಸಬಹುದು. ಅದಕ್ಕೆ ಒಳ್ಳೆಯ ಬಿಸಿಲಿನ ದಿನ ಬೇಕು. ನಡುವೆ ಏನೇ ಆದರೂ ನಿಲ್ಲಿಸಬಾರದು. ಅದಾದ ಮೇಲೆ ಮತ್ತೊಂದು ಅವಕಾಶ ಸಿಗುವುದು ಅನುಮಾನ.

ಹಸಿರು ಸೀರೆ ನಿಜವಾಗಿತ್ತು. ಬಕೆಟ್ಟೂ ನಿಜವಾಗಿತ್ತು. ಮುಖ ಮಾತ್ರ ಇರಲಿಲ್ಲ.

ಮರುದಿನ ಕಾಲೇಜು ಮುಗಿಸಿ ಸೀದಾ ಸವದತ್ತಿಗೆ ಹೋದೆ. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಏನು ಹೇಳಿದೆ ಎಂಬುದನ್ನು ಸ್ವಲ್ಪ ಮೆದುವಾಗಿ ನೆನಪಿಟ್ಟುಕೊಂಡಿದ್ದೆ. ಡೈರಿ ಬಿಡುವುದಿಲ್ಲ. ‘ನಿನ್ನ ಭಕ್ತಿ ಅವ್ವನ ಮುಖ ತಿಂದಿತು ಎಂದು ಚಿಗವ್ವನಿಗೆ ಅಂದೆ’ ಎಂದಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವವರೆಗೂ ಬಡಿದಳು, ನಾನು ಉಣ್ಣದೆ ಎದ್ದು ಕೊನೆಯ ಬಸ್ಸು ಹಿಡಿದೆ.

ಮುಂದಿನ ಎರಡು ವಾರ ಮೋಡ ಸರಿಯಲಿಲ್ಲ. ಹೊಲಗಳಲ್ಲಿ ಹೆಸರು ಕಾಯಿ ಬಿಟ್ಟು ಬಿಸಿಲಿಗೆ ಕಾದಿತ್ತು, ನಾವೂ ಕಾದೆವು. ಪಂಚಮಿಗೆ ಮೊದಲ ಬಾರಿ ನಾನು ಸವದತ್ತಿಗೆ ಹೋಗಲಿಲ್ಲ. ಶೇಂಗಾ ಉಂಡಿ ಮಾತ್ರ ಯಾರದೋ ಕೈಯಲ್ಲಿ ಬಂದವು.

ಆಮೇಲೊಂದು ಭಾನುವಾರ ನಾನು ಸ್ಟುಡಿಯೊಗೆ ಹೋದರೆ ಚಿಗವ್ವ ನನಗಿಂತ ಮೊದಲೇ ಬಂದು ಕೂತಿದ್ದಳು. ಹೊರಗೆ ಚುರುಕು ಬಿಸಿಲು ಬಿದ್ದಿತ್ತು. ನನ್ನ ಕಡೆ ನೋಡದೆ ಅವಳು ಕಾಂಬಳೆಯವರನ್ನೇ ಕೇಳಿದಳು.

“ಖರೇ ಹೇಳ್ರಿ ಅಣ್ಣಾರ. ನನ್ನ ಕುಂಕುಮದಿಂದನ ಕೆಟ್ಟೈತೇನು?”

ಕಾಂಬಳೆಯವರು ರೀಲಿನ ಆ ಭಾಗವನ್ನು ಗೂಡಿನ ಬಾಯಿಯಿಂದ ತುಸು ಎಳೆದು, ಭೂತಗನ್ನಡಿ ಹಿಡಿದು, ಬಾಗಿಲ ಬೆಳಕಿಗೆ ತೋರಿಸಿದರು.

“ಕುಂಕುಮದ ಗೀರು ಇದ್ರ ಉದ್ದಕ ಹೋಗತೈತ್ರಿ, ಮೊದಲಿಂದ ಕಡೀತನಕ. ಇಲ್ಲಿ ನೋಡ್ರಿ, ಇದೊಂದ ಜಾಗಾ ಸವದೈತಿ. ಪಾಜ್ ಮಾಡಿದ್ರ ರೀಲ್ ನಿಲ್ಲತೈತಿ, ಹೆಡ್ ನಿಲ್ಲೂದಿಲ್ಲ. ಅದು ತಿರಗತನ ಇರತೈತಿ, ಅದ ಜಾಗಾ ತಿಕ್ಕತನ ಇರತೈತಿ. ಯಾರೋ ಇಲ್ಲೇ ನಿಲ್ಲಿಸಿ ನೋಡ್ಯಾರ್ರಿ. ಒಂದೆರಡು ಸಲ ಅಲ್ಲ, ನೂರಾರು ಸಲ.”

ನನಗೆ ಅಪ್ಪನ ನೆನಪಾಯಿತು. ಅವ್ವನ ಹೆಸರನ್ನೇ ಎತ್ತದ ಅಪ್ಪ ಯಾವಾಗಲೋ ಸವದತ್ತಿಗೆ ಬಂದು ಒಬ್ಬನೇ ಕೂತು ನೋಡಿರಬೇಕು ಎಂದುಕೊಂಡೆ. ಆ ಒಂದು ನಿಮಿಷದಲ್ಲಿ ಅಪ್ಪನ ಬಗ್ಗೆ ಇಡೀ ಒಂದು ಕಥೆ ಕಟ್ಟಿಬಿಟ್ಟಿದ್ದೆ, ಕಣ್ಣಲ್ಲಿ ನೀರೂ ಬಂದಿತ್ತು.

“ಇಕೀನ್ರಿ,” ಎಂದಳು ಚಿಗವ್ವ, ನನ್ನ ಕಡೆ ಗದ್ದ ತೋರಿಸಿ.

ಆಮೇಲೆ ಅವಳು ಹೇಳಿದ್ದನ್ನು ನಾನು ಅಂದೇ ಬರೆದಿಟ್ಟೆ. ಮದುವೆಯ ವಿಡಿಯೊ ತೆಗೆದವನು ಹಾಡು ಗೀಡು ಕೂಡಿಸಿ ಕ್ಯಾಸೆಟ್ ಕೊಡುವ ಹೊತ್ತಿಗೆ ಅವ್ವ ತೀರಿ ಹದಿನೈದು ದಿನವಾಗಿತ್ತು. ನಾನು ಅನ್ನ ಬಿಟ್ಟು ಕೂತಿದ್ದೆ. ಕಾಕಾ ಸುಮ್ಮನೆ ಒಂದು ಮಧ್ಯಾಹ್ನ ಕ್ಯಾಸೆಟ್ ಹಚ್ಚಿದರು. ಅವ್ವ ಕಂಡಳು. ನಾನು ಬಾಯಿ ತೆರೆದೆ, ಚಿಗವ್ವ ತುತ್ತು ಇಟ್ಟಳು. ಅವ್ವ ಎಲ್ಲಿ ಮರೆಯಾಗುತ್ತಾಳೋ ಎಂದು ನಾನು ಚೀರಿದೆ. ಕಾಕಾ ಪಾಜ್ ಒತ್ತಿದರು. ಅಂದಿನಿಂದ ಎರಡು ಹೊತ್ತೂ ಅದೇ ಪದ್ಧತಿಯಾಯಿತು. ಬಕೆಟ್ಟು ಹಿಡಿದು ಬಾಗಿದ ಅವ್ವನನ್ನು ಟಿವಿಯಲ್ಲಿ ನಿಲ್ಲಿಸಬೇಕು, ಆಗ ನಾನು ಉಣ್ಣುತ್ತೇನೆ. ಊಟವಾದ ಮೇಲೆ ರೀಲನ್ನು ಹಿಂದಕ್ಕೆ ಸುತ್ತಿ ಇಡಬೇಕು. ಕೆಲವು ತಿಂಗಳಲ್ಲಿ ಗುಂಡಿ ಒತ್ತುವುದನ್ನು ನಾನೇ ಕಲಿತೆ. ಚಿತ್ರದ ಮೇಲೆ ಬಿಳಿ ಚುಕ್ಕೆ ಉದುರತೊಡಗಿದವು. ಹೀಗೇ ಆದರೆ ವರ್ಷದೊಳಗೆ ನಿಮ್ಮಕ್ಕ ಅಳಿಸಿಹೋಗುತ್ತಾಳೆ ಎಂದು ಕಾಕಾ ಹೇಳಿದರು. ಚಿಗವ್ವ ಕ್ಯಾಸೆಟ್ಟನ್ನು ಟ್ರಂಕಿನಲ್ಲಿಟ್ಟಳು, ಹಿಟ್ಟಿನ ಡಬ್ಬಿಯಲ್ಲಿಟ್ಟಳು. ಎಲ್ಲಿಟ್ಟರೂ ನಾನು ಹುಡುಕಿ ತಂದೆ. ಕೊನೆಗೆ ಅದನ್ನು ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಅವ್ವ ದೇವರಾಗಿದ್ದಾಳೆ, ಇನ್ನು ಮುಟ್ಟಬಾರದು ಎಂದಳು.

“ನೀ ಮುಟ್ಟಬಾರದಂತ ಹಚ್ಚಿದ್ದೆ,” ಎಂದು ಈಗ ನನಗೇ ಹೇಳಿದಳು. “ಹಚ್ಚತ ಹಚ್ಚತ ನನಗೂ ಮುಟ್ಟಾಕ ಆಗದಂಗ ಆತು.”

ಆಮೇಲೆ ಊಟಕ್ಕೆ ಏನು ಮಾಡಿದಿರಿ ಎಂದು ಕಾಂಬಳೆಯವರು ಕೇಳಿದರು.

“ಎರಡ ದಿನ ಉಪಾಸ ಇದ್ಲು. ಮೂರನೇ ದಿನ ನನ್ನ ಕೈ ಕಡದು, ಉಂಡ್ಲು.”

ಕಾಂಬಳೆಯವರು ಜೋರಾಗಿ ನಕ್ಕರು. ಚಿಗವ್ವನೂ ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಇದರಲ್ಲಿ ಒಂದು ಚೂರೂ ನನಗೆ ನೆನಪಿರಲಿಲ್ಲ. ನನ್ನ ನೆನಪಿನ ಅವ್ವ ಯಾಕೆ ಅಲುಗಾಡುವುದಿಲ್ಲ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಕ್ಯಾಮೆರಾದವನನ್ನು. ಮೂವತ್ತು ವರ್ಷ ನಾನು ಕಾಪಾಡಿಕೊಂಡದ್ದು ತಾಯಿಯ ನೆನಪಲ್ಲ, ನಿಲ್ಲಿಸಿದ ಒಂದು ಟಿವಿಯ ನೆನಪು. ಅವ್ವನ ಮುಖವನ್ನು ಸವೆಸಿದ್ದು ಕುಂಕುಮವೂ ಅಲ್ಲ, ಮಳೆಗಾಲವೂ ಅಲ್ಲ. ಇಷ್ಟೆಲ್ಲ ತಿಳಿದೂ ಚಿಗವ್ವನಿಗೆ ತಪ್ಪಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆ ದಿನದ ಪುಟದಲ್ಲಿ ಅದೂ ಇದೆ.

ಅಂದು ಬಿಸಿಲಿತ್ತು, ಆದ್ದರಿಂದ ಕೆಲಸವೂ ಅಂದೇ ಆಯಿತು. ಯಂತ್ರ ಒಂದು ತಾಸು ಕಾದಿತ್ತು. ಕಾಂಬಳೆಯವರು ಸ್ಪಿರಿಟ್ ಹಚ್ಚಿ ಹೆಡ್ಡು ತೊಳೆದರು, ಧೂಳು ಏಳದಿರಲೆಂದು ಫ್ಯಾನು ಆರಿಸಿದರು, ಬಾಗಿಲು ಮುಂದಕ್ಕೆ ಎಳೆದರು. ಚಿಗವ್ವನನ್ನು ಪರದೆಯ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಏನೇ ಕಂಡರೂ ನಿಲ್ಲಿಸಿ ಅನ್ನಬಾರದು ಎಂದು ಇಬ್ಬರಿಗೂ ಇನ್ನೊಮ್ಮೆ ಹೇಳಿ ರೀಲು ಬಿಟ್ಟರು.

ಹಂದರ, ಬೇವಿನ ಗಿಡ, ಕಾಕಾ. ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಂಕ್ತಿ ಬಂತು. ಹಸಿರು ಸೀರೆ ಬಂತು. ಮುಖ ಎತ್ತುವ ಹೊತ್ತಿಗೆ ಚಿತ್ರ ಮತ್ತೆ ಸೀಳಿತು, ಬಿಳಿ ಹರಕು ಉರುಳಿದವು, ಹರಕುಗಳ ನಡುವೆ ಒಂದು ಮೂಗುತಿ, ಒಂದು ಹುಬ್ಬು ಮಿನುಗಿ ಹೋದವು. ಕಾಂಬಳೆಯವರ ಕೈ ಟ್ರ್ಯಾಕಿಂಗ್ ಗುಂಡಿಯ ಮೇಲಿತ್ತು. ಏಳೆಂಟು ಕ್ಷಣ ಇರಬಹುದು. ಆಮೇಲೆ ಇಡೀ ಚಿತ್ರ ಒಮ್ಮೆಗೇ ತಿಳಿಯಾಯಿತು. ಅಲ್ಲಿಯವರೆಗೆ ಕಂಡ ಯಾವ ಭಾಗಕ್ಕಿಂತಲೂ ಸ್ವಚ್ಛವಾಗಿ, ಬಣ್ಣ ಕೂಡ ಮಾಸದೆ. ಪಾಜ್ ಒತ್ತುತ್ತಿದ್ದ ಜಾಗದಿಂದ ಮುಂದಕ್ಕೆ ಆ ರೀಲು ಹೆಚ್ಚೂ ಕಡಿಮೆ ಹೊಸದೇ ಆಗಿತ್ತು. ನಾನು ಅದನ್ನು ಮುಂದೆ ಹೋಗಲು ಬಿಟ್ಟೇ ಇರಲಿಲ್ಲ.

ಅವ್ವ ನೆಟ್ಟಗಾದಳು. ನಾನು ಅಂದುಕೊಂಡದ್ದಕ್ಕಿಂತ ಎತ್ತರ ಇದ್ದಳು. ಎಡಗೈಗೆ ಬಕೆಟ್ಟು ಬದಲಿಸಿ, ಬಲಗೈಯ ಹಿಂಬದಿಯಿಂದ ಹಣೆಯ ಬೆವರು ಒರೆಸಿಕೊಂಡಳು. ಕ್ಯಾಮೆರಾದವನ ಕಡೆ ಹುಗ್ಗಿಯ ಸೌಟು ಬೀಸಿ ಏನೋ ಗದರಿದಳು. ಧ್ವನಿ ಇರಲಿಲ್ಲ. ವಿಡಿಯೊದವನು ಅಲ್ಲೆಲ್ಲ ಸಿನಿಮಾ ಹಾಡಿನ ವಾದ್ಯ ತುಂಬಿಬಿಟ್ಟಿದ್ದ. ತುಟಿಗಳಷ್ಟೇ ಆಡಿದವು, ಕೊನೆಗೆ ನಗುವಾದವು.

“ನನ್ನೇನ್ ತಗೀತೀರಿ, ಮದಮಗಳ್ನ ತಗೀರಿ ಹೋಗ್ರಿ,” ಎಂದಳು ಚಿಗವ್ವ, ಪರದೆಯಿಂದ ಕಣ್ಣು ಕೀಳದೆ. “ಹಂಗ ಅಂದ್ಲು ಅಕ್ಕ.”

ಅವ್ವ ಹಾಗೆ ಅಂದದ್ದು ನಿಜವೋ, ಚಿಗವ್ವ ಆ ತುಟಿಗಳಿಗೆ ತನ್ನ ಮಾತು ಕೊಟ್ಟಳೋ, ನನಗೆ ಗೊತ್ತಿಲ್ಲ. ಆಮೇಲೆ ಆ ಫೈಲನ್ನು ಎಷ್ಟೋ ಸಲ ನೋಡಿದ್ದೇನೆ. ಮಾತು ತುಟಿಗೆ ಹೊಂದುತ್ತದೆ, ಬೇರೆ ಮಾತೂ ಹೊಂದಬಹುದು. ನನ್ನ ಬಳಿ ಇರುವ ಸಾಕ್ಷಿ ಒಂದೇ. ಆ ಗದರಿಕೆಯ ಮರುಕ್ಷಣವೇ ಕ್ಯಾಮೆರಾ ಅವ್ವನನ್ನು ಬಿಟ್ಟು ತಿರುಗುತ್ತದೆ.

ಅದು ಹಾಗೆ ತಿರುಗತೊಡಗಿದಾಗ, ಹಸಿರು ಸೀರೆ ಚೌಕಟ್ಟಿನ ಅಂಚಿಗೆ ಸರಿದಾಗ, ನನ್ನ ಕೈ ನನಗೆ ಹೇಳದೆ ವಿಸಿಆರ್‌ನ ಗುಂಡಿಯ ಕಡೆ ಹೋಯಿತು. ಕಾಂಬಳೆಯವರು ನೋಡಿ ಏನಾದರೂ ಹೇಳುವ ಮೊದಲೇ ಚಿಗವ್ವ ನನ್ನ ಮಣಿಕಟ್ಟು ಹಿಡಿದಳು.

“ಮುಂದ ಹೋಗಲಿ ಬಿಡ, ರೇಣಾ,” ಅಂದಳು. “ನನ್ನ ಲಗ್ನಾ ನಾನೂ ನೋಡಿಲ್ಲ.”

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಅಲ್ಲಿ, ಗೋಡೆಯ ದೀಪದ ಮಾಡದ ಪಕ್ಕದ ಕಂಬಳಿಯ ಮೇಲೆ, ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಾಸಿಂಗದ ಭಾರಕ್ಕೆ ತಲೆ ತಗ್ಗಿಸಿ ಕೂತಿದ್ದಳು, ಯಾರೋ ಕರೆದಂತಾಗಿ ಕತ್ತೆತ್ತಿ ನೋಡಿದಳು.